ಕಾಲೇಜಿನ ನಗೆಗೊಂದು ಪತ್ರಿಕೆ: ಮಿಸಲೇನಿ, ಕೊರವಂಜಿ, ಫಿಶ್‌ಪಾಂಡ್



ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಕಾಲೇಜಿನ ಹಾಸ್ಯಪತ್ರಿಕೆ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇದಕ್ಕೆಂದು ಅಧ್ಯಾಯವಿಲ್ಲ. ನವೋದಯ, ಪ್ರಗತಿಶೀಲ, ನವ್ಯ ಎಂದು ಕಾಲವನ್ನು ಪಾಲು ಮಾಡಿ ಓದುತ್ತೇವೆ. ಆ ಕಾಲದ ಬರಹಗಾರರು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಏನನ್ನು ನೋಡಿ ನಕ್ಕರು, ಆ ನಗೆಯನ್ನು ಎಲ್ಲಿ ಬರೆದಿಟ್ಟರು ಎಂದು ಕೇಳುವುದಿಲ್ಲ. ಲೇಖಕ ಪ್ರೌಢನಾದ ಮೇಲೆ ಬರೆದದ್ದು ಮಾತ್ರ ಸಾಹಿತ್ಯ, ಅದಕ್ಕೂ ಹಿಂದಿನದು ಹುಡುಗಾಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಹುಡುಗಾಟವನ್ನು ಗಂಭೀರವಾಗಿ ನೋಡಬೇಕೆಂಬುದು ನನ್ನ ಆಸೆ.

ಮುಖ್ಯ ಎಳೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜುಗಳಲ್ಲಿ ನಗೆಗೆ ಎಂದೂ ಬರ ಇರಲಿಲ್ಲ. ಇಲ್ಲದ್ದು ವಿದ್ಯಾರ್ಥಿಗಳು ತಮ್ಮದು ಎನ್ನಬಹುದಾದ ಅಚ್ಚಿನ ಹಾಳೆ. ಹೀಗಾಗಿ ಕಾಲೇಜಿನ ನಗೆ ಮನೆಯಿಲ್ಲದೆ ಬೇರೆ ಬೇರೆ ಕಡೆ ಬೀಡುಬಿಟ್ಟಿತು. ಒಂದಷ್ಟು ಸಂಸ್ಥೆಯ ವಾರ್ಷಿಕ ಸಂಚಿಕೆಯ ಕೊನೆಯ ಪುಟಗಳಿಗೆ ಹೋಯಿತು. ಒಂದಷ್ಟು ಕಾಲೇಜಿನ ಹೊರಗೆ, ಬೆಂಗಳೂರಿನ ಒಬ್ಬ ವೈದ್ಯರು ನಡೆಸಿದ ಮಾಸಪತ್ರಿಕೆಗೆ ಹೋಯಿತು. ಬಹುಪಾಲು ಬಾಯಿಮಾತಾಗಿ, ಗ್ಯಾದರಿಂಗ್ ಎಂಬ ಕಾಲೇಜಿನ ವಾರ್ಷಿಕ ಸಮಾರಂಭದ ವೇದಿಕೆಯ ಮೇಲೆ ಒಂದು ಸಂಜೆ ಬದುಕಿ ಮರುದಿನಕ್ಕೆ ಕರಗಿತು.

ಹಾಳೆಯ ಒಡೆತನ ಯಾರದು ಎಂಬ ಪ್ರಶ್ನೆಗೆ ನಾನು ಮತ್ತೆ ಮತ್ತೆ ಮರಳಲಿದ್ದೇನೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಈ ಬಗೆಯ ಪತ್ರಿಕೆ ಹುಟ್ಟಿ ನೆಲೆನಿಂತ ಊರುಗಳತ್ತ ಒಮ್ಮೆ ನೋಡಬೇಕು. ಲಂಡನ್ನಿನಲ್ಲಿ 1841ರಲ್ಲಿ ಪಂಚ್ ಪತ್ರಿಕೆ ಶುರುವಾಯಿತು. ವ್ಯಂಗ್ಯಚಿತ್ರ, ಅಣಕು ಪದ್ಯ, ರಾಜಕಾರಣಿಗಳ ಮೇಲಿನ ಚಾಟಿ, ಇವೆಲ್ಲ ಒಂದೇ ರಟ್ಟಿನೊಳಗೆ ಸೇರಿದ ಆ ಮಾದರಿ ಜಗತ್ತಿನ ತುಂಬ ಹಬ್ಬಿತು. ನಮ್ಮ ದೇಶದಲ್ಲೇ ಮುಂಬಯಿಯಿಂದ ಪಾರ್ಸಿ ಪಂಚ್ ಬಂತು, ಲಖನೌದಿಂದ 1877ರಲ್ಲಿ ಉರ್ದುವಿನ ಅವಧ್ ಪಂಚ್ ಬಂತು. ಅಮೆರಿಕದಲ್ಲಿ ಅದೇ ಮಾದರಿಯನ್ನು ಕೈಗೆತ್ತಿಕೊಂಡವರು ಕಾಲೇಜು ಹುಡುಗರು. ಯೇಲ್ ರೆಕಾರ್ಡ್ 1872ರಲ್ಲಿ, ಹಾರ್ವರ್ಡ್ ಲ್ಯಾಂಪೂನ್ 1876ರಲ್ಲಿ ಹೊರಟವು. ಲ್ಯಾಂಪೂನನ್ನು ಹುಟ್ಟುಹಾಕಿದವರು ಏಳು ಮಂದಿ ಪದವಿ ವಿದ್ಯಾರ್ಥಿಗಳು. ಅದಕ್ಕೆ 1909ರಲ್ಲಿ ಸ್ವಂತ ಕಟ್ಟಡವಾಯಿತು. ನೋಡಲು ಚಿಕ್ಕ ಕೋಟೆಯ ಹಾಗಿರುವ ಆ ಕಟ್ಟಡ ಇವತ್ತಿಗೂ ಅದರದೇ. ತತ್ತ್ವಜ್ಞಾನಿ ಸಂಟಾಯನ, ಹಾಸ್ಯಲೇಖಕ ರಾಬರ್ಟ್ ಬೆಂಚ್ಲಿ, ಕಾದಂಬರಿಕಾರ ಜಾನ್ ಅಪ್‌ಡೈಕ್ ಮೂವರೂ ವಿದ್ಯಾರ್ಥಿಗಳಾಗಿದ್ದಾಗ ಆ ಬಳಗದಲ್ಲಿದ್ದವರು. ಅಲ್ಲಿಂದ ಹೊರಬಿದ್ದ ತರುಣರೇ 1970ರಲ್ಲಿ ನ್ಯಾಷನಲ್ ಲ್ಯಾಂಪೂನ್ ಕಟ್ಟಿದರು, ಅದರ ಪ್ರಭಾವ ಸಿನಿಮಾ ಟಿವಿಗಳವರೆಗೆ ಹರಿಯಿತು.

ಈ ಚರಿತ್ರೆಯಲ್ಲಿ ನಾವು ಮನಗಾಣಬೇಕಾದ ಅಂಶ ಒಂದೇ. ಆ ಹುಡುಗರು ಜಾಣರಾಗಿದ್ದರು ಎಂಬುದು ದೊಡ್ಡ ಮಾತಲ್ಲ, ಜಾಣರು ಎಲ್ಲ ಕಡೆ ಇದ್ದಾರೆ. ಅಲ್ಲಿ ಸಂಪಾದಕರು ವಿದ್ಯಾರ್ಥಿಗಳು, ಜಾಹೀರಾತು ತರುವವರು ವಿದ್ಯಾರ್ಥಿಗಳು, ಸಾಲ ತೀರಿಸುವವರೂ ಅವರೇ. ವಾರ್ತಾಪತ್ರಿಕೆಗಳ ಸಾಮ್ರಾಜ್ಯ ಕಟ್ಟಿದ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಲ್ಯಾಂಪೂನಿನಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವನು. ಬರೆದದ್ದಕ್ಕೆ ಹೊಣೆ ಹೊರುವುದು, ಅಚ್ಚಿನ ಬಿಲ್ಲು ಕಟ್ಟುವುದು, ಮುನಿದವರ ಎದುರು ನಿಲ್ಲುವುದು, ಇವನ್ನೆಲ್ಲ ಇಪ್ಪತ್ತರ ವಯಸ್ಸಿನಲ್ಲೇ ಕಲಿಸಿದ್ದರಿಂದ ಆ ಪತ್ರಿಕೆ ಒಂದು ಶಾಲೆಯಾಯಿತು.

ಈಗ ನಮ್ಮಲ್ಲಿಗೆ ಬರೋಣ. ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಪತ್ರಿಕೆ ಕನ್ನಡಕ್ಕೆ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ನಾಟಕವನ್ನು ಹೊರಡಿಸಿದರು. ಅದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಹೋಗಿ ದೀರ್ಘಕಾಲ ಬಾಳಿತು. ಕನ್ನಡದ ವಿದ್ವತ್ತಿಗೆ, ಹೊಸ ಕಾವ್ಯಕ್ಕೆ ಆ ಪತ್ರಿಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅದರ ಹೊಣೆ ಅಧ್ಯಾಪಕರದು, ಅದರ ಧ್ಯೇಯ ನಾಡು ಕಟ್ಟುವುದು. ಕನ್ನಡಕ್ಕೆ ಕಾಲೇಜಿನಲ್ಲಿ ಕುಳಿತುಕೊಳ್ಳಲು ಮಣೆಯೂ ಸರಿಯಾಗಿ ಸಿಗದ ದಿನಗಳವು. ಅಂಥ ಹೊತ್ತಿನಲ್ಲಿ ನಗೆಗಿಂತ ಘನತೆ ಮುಖ್ಯ ಎಂದು ಹಿರಿಯರಿಗೆ ತೋರಿದ್ದು ಸಹಜ. ಅವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೂ ಕಾಲೇಜಿನ ಪತ್ರಿಕೆ ಎಂದರೆ ಗಂಭೀರವಾಗಿರಬೇಕು, ಮೇಷ್ಟರ ಕಣ್ಣೆದುರು ಇರಬೇಕು ಎಂಬ ರೂಢಿ ಅಲ್ಲಿಂದ ಗಟ್ಟಿಯಾಯಿತು ಎಂಬುದನ್ನು ಗುರುತಿಸಲೇಬೇಕು.

ನಮ್ಮ ಭಾಗದ ಕಥೆಯೂ ಇದೇ ಜಾಡಿನದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವ ತನಕ ಇಲ್ಲಿನ ಕಾಲೇಜುಗಳಿಗೆ ಮುಂಬಯಿ ವಿಶ್ವವಿದ್ಯಾಲಯವೇ ತಾಯಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಬಂದವು. 1962ರಲ್ಲಿ ಎರಡೂ ಊರು ಒಂದು ಮಹಾನಗರಪಾಲಿಕೆಯಾದವು. ಗೋಪನಕೊಪ್ಪದಂಥ ಹಳ್ಳಿಗಳು ಊರಿನೊಳಗಿನ ಬಡಾವಣೆಗಳಾದವು, ರೈತರ ಮನೆಯ ಮಕ್ಕಳು ಮನೆಯಿಂದಲೇ ಕಾಲೇಜಿಗೆ ಹೋಗುವಂತಾಯಿತು. ಇಷ್ಟು ಕಾಲೇಜು, ಇಷ್ಟು ತರುಣರು, ಮೇಲಾಗಿ ಮಾತಿನಲ್ಲಿ ಮೊನಚಿರುವ ಆಡುಭಾಷೆ. ಹೀಗಿದ್ದೂ ಲ್ಯಾಂಪೂನಿನಂತೆ ತಲೆಮಾರಿನಿಂದ ತಲೆಮಾರಿಗೆ ದಾಟಿದ ಒಂದು ವಿದ್ಯಾರ್ಥಿ ಹಾಸ್ಯಪತ್ರಿಕೆಯ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಬರುವ ಹೆಸರು ಒಂದೇ: ಕಾಲೇಜು ವರ್ಷಕ್ಕೊಮ್ಮೆ ತರುವ ಸಂಚಿಕೆ, ಮಿಸಲೇನಿ.

ಮಿಸಲೇನಿಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಸಂಸ್ಥೆಯ ಅಧ್ಯಕ್ಷರ ಭಾವಚಿತ್ರ, ಆಮೇಲೆ ಪ್ರಾಚಾರ್ಯರದು, ಬಳಿಕ ಜಿಮಖಾನಾ ಕಾರ್ಯದರ್ಶಿಗಳ ಗುಂಪುಚಿತ್ರ. ಕ್ರೀಡಾ ವರದಿ, ಎನ್.ಸಿ.ಸಿ. ವರದಿ, ರ‍್ಯಾಂಕು ಪಡೆದವರ ಪಟ್ಟಿ. ನಂತರ ಇಂಗ್ಲಿಷ್ ವಿಭಾಗ, ಕನ್ನಡ ವಿಭಾಗ, ಹಿಂದಿ ವಿಭಾಗ. ಹಳೆಯ ಸಂಚಿಕೆಗಳಲ್ಲಿ ಸಂಸ್ಕೃತ, ಮರಾಠಿಗಳೂ ಉಂಟು. ನಗೆ ಎಲ್ಲಿದೆ ಎಂದು ಹುಡುಕಿದರೆ ಲೇಖನವೊಂದು ಮುಗಿದು ಪುಟದಲ್ಲಿ ನಾಲ್ಕು ಬೆರಳು ಜಾಗ ಉಳಿದಲ್ಲಿ ಸಿಗುತ್ತದೆ. ಪುಟ ತುಂಬಿಸಲು ಹಾಕಿದ ನಗೆಹನಿ, ಪರೀಕ್ಷೆಯ ಮೇಲೊಂದು ಅಣಕವಾಡು, ಹಾಸ್ಟೆಲ್ ಊಟದ ಮೇಲೊಂದು ಚುಟುಕು. ಕೆಳಗೆ ಹುಡುಗನ ಹೆಸರು, ತರಗತಿ, ಕೆಲವೊಮ್ಮೆ ರೋಲ್ ನಂಬರು. ಉಳಿದ ಜಾಗದಲ್ಲಿ ನಗೆಗೆ ಎಡೆ ಎಂಬ ಈ ವ್ಯವಸ್ಥೆಯನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಆದರೆ ಅದರಲ್ಲಿ ನಮ್ಮ ವಿದ್ಯಾಸಂಸ್ಥೆಗಳ ಮನಸ್ಸು ಕಾಣುತ್ತದೆ.

ಹಣದ ಹಾದಿಯನ್ನೂ ನೋಡಬೇಕು. ಮಿಸಲೇನಿಗೆ ವಿದ್ಯಾರ್ಥಿ ಪ್ರವೇಶದ ಹೊತ್ತಿನಲ್ಲೇ ಶುಲ್ಕ ಕಟ್ಟುತ್ತಾನೆ. ಅಂದರೆ ಹಣ ಅವನದು. ಪ್ರಧಾನ ಸಂಪಾದಕರು ಮಾತ್ರ ಅಧ್ಯಾಪಕರು, ಗೌರವ ಸಂಪಾದಕರು ಪ್ರಾಚಾರ್ಯರು. ವಿದ್ಯಾರ್ಥಿ ಸಂಪಾದಕ ಎಂಬ ಹೆಸರಿನಲ್ಲಿ ಒಬ್ಬಿಬ್ಬರು ಇರುತ್ತಾರೆ. ಬರಹ ಕೂಡಿಸುವುದು, ಕರಡು ತಿದ್ದುವುದು ಅವರ ಪಾಲಿನ ಕೆಲಸ. ಯಾವುದು ಅಚ್ಚಾಗಬೇಕು ಎಂಬ ಅಂತಿಮ ಮಾತು ಅವರದಲ್ಲ. ಪ್ರಾಚಾರ್ಯರ ಭಾವಚಿತ್ರದಿಂದ ಶುರುವಾಗುವ ಪುಸ್ತಕದಲ್ಲಿ ಪ್ರಾಚಾರ್ಯರ ಮೇಲೊಂದು ವ್ಯಂಗ್ಯಚಿತ್ರ ಬರಲು ಹೇಗೆ ಸಾಧ್ಯ? ಅಧಿಕಾರದ ಅಪ್ಪಣೆ ಪಡೆದು ಅಧಿಕಾರವನ್ನು ನಗುವುದು ಆಗದ ಮಾತು. ಹೀಗಾಗಿ ಮಿಸಲೇನಿಯ ಹಾಸ್ಯ ಹಾಸ್ಟೆಲ್ಲಿನ ಸಾರಿನ ಸುತ್ತ, ಪರೀಕ್ಷೆಯ ಚೀಟಿಯ ಸುತ್ತ, ಮತ್ತೆ ಹೇಳಲು ಬೇಸರವಾಗುತ್ತದೆ, ಸಹಪಾಠಿ ಹುಡುಗಿಯರ ಸುತ್ತ ಸುತ್ತಿತು. ತಿರುಗಿ ಮಾತಾಡಲಾರದವರ ಮೇಲೆ ನಗುವುದು ಸುಲಭ.

ಇಲ್ಲಿ ಅಚ್ಚಿನ ತಂತ್ರದ ಮಾತೂ ಬರಬೇಕು. ಹಾಸ್ಯಪತ್ರಿಕೆಯ ಅರ್ಧ ಜೀವ ಚಿತ್ರದಲ್ಲಿದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಒಂದು ಗೆರೆಚಿತ್ರ ಬೇಕೆಂದರೆ ಸತುವಿನ ಬ್ಲಾಕ್ ಮಾಡಿಸಬೇಕು, ಅದಕ್ಕೆ ಬೇರೆ ಹಣ. ಅಚ್ಚಿನ ಕೆಲಸಕ್ಕೆ ಹೆಸರಾದ ಗದಗ ಪಕ್ಕದಲ್ಲೇ ಇದ್ದರೂ ಕಾಲೇಜಿನ ಬಜೆಟ್ಟಿನಲ್ಲಿ ಬ್ಲಾಕಿನ ಹಣವೆಲ್ಲ ಭಾವಚಿತ್ರಗಳಿಗೇ ಹೋಗುತ್ತಿತ್ತು. ಚಿತ್ರ ಬಿಡಿಸಬಲ್ಲ ಹುಡುಗನಿಗೆ ಉಳಿದದ್ದು ಎರಡು ದಾರಿ. ಒಂದು, ಸೈಕ್ಲೋಸ್ಟೈಲ್ ಸ್ಟೆನ್ಸಿಲ್ ಹಾಳೆಯ ಮೇಲೆ ಮೊಳೆಯಂಥ ಲೇಖನಿಯಿಂದ ಮೆಲ್ಲಗೆ ಗೀರುವುದು. ಸ್ವಲ್ಪ ಒತ್ತಿದರೆ ಹಾಳೆ ಹರಿಯುತ್ತದೆ, ಒತ್ತದಿದ್ದರೆ ಗೆರೆ ಮೂಡುವುದಿಲ್ಲ. ಇನ್ನೊಂದು, ಕೈಬರಹದ ಪತ್ರಿಕೆ.

ಕೈಬರಹದ ಪತ್ರಿಕೆಯ ಬಗ್ಗೆ ನನಗೆ ವಿಶೇಷ ಅಭಿಮಾನ. ಒಂದೇ ಪ್ರತಿ, ಅಂದವಾದ ಕೈಬರಹದ ಒಬ್ಬ ಗೆಳೆಯ ಬರೆದದ್ದು, ಬಣ್ಣದ ಪೆನ್ಸಿಲ್ಲಿನ ಮುಖಪುಟ, ದಾರದಿಂದ ಹೊಲಿದ ಬೆನ್ನು. ಕೈಯಿಂದ ಕೈಗೆ ಹೋಗುವ ಆ ಪ್ರತಿಯ ಕೊನೆಯಲ್ಲಿ ಓದಿದವರು ಅಭಿಪ್ರಾಯ ಬರೆಯಲೆಂದು ಕೆಲವು ಖಾಲಿ ಹಾಳೆ. ಅಲ್ಲಿ ಹೊಗಳಿಕೆಗಿಂತ ಕಾಲೆಳೆತವೇ ಹೆಚ್ಚಿರುತ್ತಿತ್ತು, ಒಬ್ಬನ ಟೀಕೆಗೆ ಇನ್ನೊಬ್ಬ ಅದರ ಕೆಳಗೇ ಉತ್ತರ ಬರೆಯುತ್ತಿದ್ದ. ಕನ್ನಡದಲ್ಲಿ ವಿದ್ಯಾರ್ಥಿಗಳದೇ ಎನ್ನಬಹುದಾದ ಹಾಸ್ಯಪತ್ರಿಕೆ ಇದ್ದರೆ ಅದು ಇದು. ಅಪ್ಪಣೆ ಬೇಕಿಲ್ಲ, ಬ್ಲಾಕ್ ಬೇಕಿಲ್ಲ. ಆದರೆ ಒಂದೇ ಪ್ರತಿ ಇದ್ದದ್ದರಿಂದ ಅದು ಕಳೆದುಹೋದರೆ ಎಲ್ಲವೂ ಹೋದಂತೆ. ಬಹಳಷ್ಟು ಹೋಗಿಯೇ ಹೋದವು.

ಇನ್ನು ಕೊರವಂಜಿ. ನನ್ನ ಉಪನ್ಯಾಸದ ನಡುಮನೆ ಇದು.

ಡಾ. ಎಂ. ಶಿವರಾಂ, ಕನ್ನಡಿಗರಿಗೆ ರಾಶಿ, 1905ರಲ್ಲಿ ಹುಟ್ಟಿದವರು. ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ವೈದ್ಯರು, ಮನೋವೈದ್ಯಶಾಸ್ತ್ರದಲ್ಲಿ ಆಳವಾದ ಆಸಕ್ತಿ ಇದ್ದವರು. ಅವರ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಮನಸ್ಸಿನ ವಿಚಾರವಾಗಿ ಅವರು ನಡೆಸಿದ ಚಿಂತನೆಗೆ. ಅವರು 1942ರಲ್ಲಿ ಕೊರವಂಜಿ ಎಂಬ ಹಾಸ್ಯ ಮಾಸಪತ್ರಿಕೆ ಶುರುಮಾಡಿದರು. ವರ್ಷವನ್ನು ಗಮನಿಸಬೇಕು. ಜಗತ್ತಿನಲ್ಲಿ ಮಹಾಯುದ್ಧ, ದೇಶದಲ್ಲಿ ಚಲೇಜಾವ್, ಅಂಗಡಿಯಲ್ಲಿ ಅಕ್ಕಿಗೂ ಸೀಮೆಎಣ್ಣೆಗೂ ಕಾಗದಕ್ಕೂ ಅಭಾವ. ಅಂಥ ಹೊತ್ತಿನಲ್ಲಿ ನಗೆಗೆಂದೇ ಒಂದು ಪತ್ರಿಕೆ ತೆಗೆಯುವುದು ಬರಿಯ ಮೋಜಿನ ಕೆಲಸವಾಗಿರಲಿಲ್ಲ. ನಗು ಮನಸ್ಸಿನ ಆರೋಗ್ಯಕ್ಕೆ ಬೇಕಾದದ್ದು ಎಂಬ ನಂಬಿಕೆ ವೈದ್ಯ ಶಿವರಾಂ ಮತ್ತು ಸಂಪಾದಕ ರಾಶಿ ಇಬ್ಬರಲ್ಲೂ ಒಂದೇ ಆಗಿತ್ತು ಎಂದು ನಾನು ತಿಳಿಯುತ್ತೇನೆ. ಪತ್ರಿಕೆ 1967ರ ತನಕ, ಕಾಲು ಶತಮಾನ ನಡೆಯಿತು.

ಕೊರವಂಜಿ ಕಾಲೇಜಿನ ಪತ್ರಿಕೆಯಲ್ಲ. ಆದರೆ ಕನ್ನಡ ಕಾಲೇಜುಗಳ ನಗೆಗೆ ಮೊತ್ತಮೊದಲು ಸಿಕ್ಕ ಗಟ್ಟಿ ಸೂರು ಅದು ಎಂಬುದು ನನ್ನ ವಾದ. ಅದಕ್ಕೆ ಇಬ್ಬರ ಸಾಕ್ಷ್ಯ ಸಾಕು, ಒಬ್ಬರು ಮೇಷ್ಟರು, ಒಬ್ಬರು ವಿದ್ಯಾರ್ಥಿ. ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನವರು.

ಮೇಷ್ಟರು ನಾ. ಕಸ್ತೂರಿ. ಕೇರಳದ ತ್ರಿಪ್ಪುಣಿತ್ತುರದಲ್ಲಿ 1897ರಲ್ಲಿ ಹುಟ್ಟಿ, ಮೈಸೂರಿಗೆ ಬಂದು, ಕನ್ನಡ ಕಲಿತು, ಮಹಾರಾಜಾ ಕಾಲೇಜಿನಲ್ಲಿ ಇತಿಹಾಸ ಬೋಧಿಸಿದವರು. ಮನೆಮಾತು ಬೇರೆಯಾಗಿದ್ದವರು ಕನ್ನಡದ ಮೊದಲ ಸಾಲಿನ ಹಾಸ್ಯಲೇಖಕರಾದರು ಎಂಬುದು ನಮ್ಮ ಭಾಷೆಗೆ ಸಂದ ಗೌರವ. ಕೊರವಂಜಿಯ ಪುಟಗಳಲ್ಲಿ ಬೆಳೆದ ಅವರ ಅನರ್ಥಕೋಶ ನಿಘಂಟಿನ ವೇಷ ತೊಟ್ಟ ಹಾಸ್ಯ. ದಿನವೂ ಬಳಸುವ ಶಬ್ದಕ್ಕೆ ಯಾರೂ ಎಣಿಸದ ಅರ್ಥ ಕೊಟ್ಟು, ಸಮಾಜದ ಸೋಗನ್ನು ಒಂದೇ ಸಾಲಿನಲ್ಲಿ ಬಯಲಿಗೆಳೆಯುವ ಕ್ರಮ ಅದರದು. ಈ ಬಗೆಯ ಬರವಣಿಗೆ ಹುಟ್ಟುವುದು ತರಗತಿಯಲ್ಲಿ. ಪಾಠದ ನಡುವೆ ಮೇಷ್ಟರು ಒಂದು ಮಾತು ತಿರುಗಿಸಿ ಹೇಳುತ್ತಾರೆ, ಹಿಂದಿನ ಬೆಂಚಿನಿಂದ ಇನ್ನೊಂದು ತಿರುವು ಬರುತ್ತದೆ. ಮಿಸಲೇನಿಯಲ್ಲಿ ಇಂಥದು ಬಂದಿದ್ದರೆ ಆ ಕಾಲೇಜಿನ ಗೋಡೆಯೊಳಗೇ ಉಳಿಯುತ್ತಿತ್ತು. ಕೊರವಂಜಿ ಅದನ್ನು ನಾಡಿಗೆಲ್ಲ ಹಂಚಿತು.

ವಿದ್ಯಾರ್ಥಿ ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದು ಎಲ್ಲರಿಗೂ ತಿಳಿದ ಕಥೆ. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಹಿಂದೂ ಪತ್ರಿಕೆಯಲ್ಲಿ ಚಿತ್ರ ಬರೆದರು, ಕೊರವಂಜಿಗೆ ವ್ಯಂಗ್ಯಚಿತ್ರ ಬರೆದರು. ಶಿವರಾಂ ಆ ಹುಡುಗನ ಬೆನ್ನು ತಟ್ಟಿ, ಜಾಗ ಕೊಟ್ಟರು. ಮುಂದೆ ಫ್ರೀ ಪ್ರೆಸ್ ಜರ್ನಲ್, 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ, ಆಮೇಲೆ ದಶಕಗಳ ಕಾಲ ಪ್ರತಿ ಬೆಳಿಗ್ಗೆ ದೇಶ ನೋಡಿದ ಚೌಕಳಿ ಕೋಟಿನ ಶ್ರೀಸಾಮಾನ್ಯ. ಇಷ್ಟು ದೊಡ್ಡ ಪಯಣದ ಆರಂಭದ ಮೆಟ್ಟಿಲುಗಳಲ್ಲಿ ಒಂದು ಕನ್ನಡದ ಸಣ್ಣ ಮಾಸಪತ್ರಿಕೆ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಅವರು ಓದುತ್ತಿದ್ದ ಕಾಲೇಜಿನಲ್ಲೇ ವಿದ್ಯಾರ್ಥಿಗಳ ಒಂದು ಹಾಸ್ಯಪತ್ರಿಕೆ ನೆಲೆಯೂರಿದ್ದರೆ ಅವರ ಪಕ್ಕದ ಬೆಂಚಿನಲ್ಲಿ ಕೂತಿದ್ದ, ಬೆಂಗಳೂರಿಗೆ ಚಿತ್ರ ಕಳಿಸುವಷ್ಟು ಧೈರ್ಯವಿಲ್ಲದ, ಹೆಸರಿಲ್ಲದ ಹುಡುಗರ ಗತಿ ಬೇರೆಯಾಗುತ್ತಿತ್ತಲ್ಲವೆ? ಅಪರೂಪದ ಪ್ರತಿಭೆ ಹೇಗೂ ದಾರಿ ಮಾಡಿಕೊಳ್ಳುತ್ತದೆ. ಸಂಸ್ಥೆಗಳು ಬೇಕಾಗುವುದು ಎರಡನೆಯ, ಮೂರನೆಯ ಸಾಲಿನವರಿಗೆ.

ಕೊರವಂಜಿಯ ಇನ್ನೊಂದು ಕೊಡುಗೆ ಟಿ. ಸುನಂದಮ್ಮ. ಅಲ್ಲಿಯವರೆಗೆ ಕನ್ನಡದ ಅಚ್ಚಿನ ಹಾಸ್ಯದಲ್ಲಿ ಹೆಣ್ಣು ವಸ್ತುವಾಗಿದ್ದಳು: ಜಗಳಗಂಟಿ ಹೆಂಡತಿ, ಒಡವೆಯ ಆಸೆಬುರುಕಿ, ಕಾಲೇಜಿಗೆ ಬರುವ ಫ್ಯಾಶನ್ನಿನ ಹುಡುಗಿ. ಸುನಂದಮ್ಮ ಮನೆಯೊಳಗಿಂದ ಮನೆಯನ್ನು ನೋಡಿ ಬರೆದರು, ಗಂಡಸರ ಜಂಬವನ್ನೂ ನೆರೆಹೊರೆಯ ಡಂಭವನ್ನೂ ಸರಿಸಮನಾಗಿ ನಕ್ಕರು. ಮುಂದೆ ಅವರು ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯಾದರು. ಹೊಣೆಗಾರ ಸಂಪಾದಕರಿರುವ ಪತ್ರಿಕೆಯಿಂದ ಆಗುವ ಲಾಭ ಇದು. ಬರೆದವರ ಹೆಸರಿರುತ್ತದೆ, ಯಾವುದು ನಗೆ ಯಾವುದು ಗಾಯ ಎಂದು ತೂಗುವ ಒಬ್ಬರು ಇರುತ್ತಾರೆ, ನಗೆಗೆ ಗುರಿಯಾದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವ ಅವಕಾಶ ಇರುತ್ತದೆ.

ಈ ಮಾತಿನಿಂದಲೇ ನಮ್ಮ ಊರಿನ ಫಿಶ್‌ಪಾಂಡಿಗೆ ಬರುತ್ತೇನೆ. ಮುಂಬಯಿ ಇಲಾಖೆಯ ಬಳುವಳಿಯಾಗಿ ನಮ್ಮ ಕಾಲೇಜುಗಳಿಗೆ ಬಂದದ್ದು ಗ್ಯಾದರಿಂಗ್, ಅದರ ಜೊತೆ ಫಿಶ್‌ಪಾಂಡ್. ಪುಣೆಯ ಕಾಲೇಜುಗಳಿಗೂ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಗೂ ಇದು ಸಮಾನ ಸಂಪ್ರದಾಯ. ಗ್ಯಾದರಿಂಗಿಗೆ ಕೆಲವು ದಿನ ಮುಂಚೆ ಬಾಗಿಲ ಬಳಿ ಒಂದು ರಟ್ಟಿನ ಡಬ್ಬಿ ಇಡುತ್ತಾರೆ, ಮೇಲೆ ಸೀಳು. ಯಾರು ಬೇಕಾದರೂ ಚೀಟಿ ಬರೆದು ಹಾಕಬಹುದು. ಚೀಟಿಯ ಮೇಲೆ ಒಬ್ಬರ ಹೆಸರು, ಕೆಳಗೆ ಒಂದು ಗಾದೆ ಅಥವಾ ಸಿನಿಮಾ ಹಾಡಿನ ಒಂದು ಸಾಲು ಅಥವಾ ಸ್ವಂತ ಪ್ರಾಸ. ಬರೆದವರ ಹೆಸರಿಲ್ಲ. ಸಂಜೆ ವೇದಿಕೆಯ ಮೇಲೆ ಮಾತುಗಾರ ವಿದ್ಯಾರ್ಥಿಯೊಬ್ಬ ಒಂದೊಂದನ್ನೇ ತೆಗೆದು ಓದುತ್ತಾನೆ. ಸದಾ ತಡವಾಗಿ ಬರುವವನು, ಪ್ರತಿ ಮಾತಿಗೂ ಒಂದೇ ಪದ ಸೇರಿಸುವ ಮೇಷ್ಟರು, ಪರೀಕ್ಷೆಯ ದಿನವೇ ಹುಷಾರು ತಪ್ಪುವವನು, ಎಲ್ಲರಿಗೂ ಅವರವರ ಪಾಲು ಸಿಗುತ್ತದೆ. ಮಿಸಲೇನಿಯಲ್ಲಿ ಅಸಾಧ್ಯವಾದದ್ದು ಇಲ್ಲಿ ಸಾಧ್ಯವಾಗುತ್ತದೆ: ಪ್ರಾಚಾರ್ಯರ ಎದುರೇ ಪ್ರಾಚಾರ್ಯರನ್ನು ನಗಬಹುದು, ಅವರೂ ನಗುತ್ತಾರೆ.

ವರ್ಷಕ್ಕೊಮ್ಮೆ, ಒಂದೇ ಸಂಜೆ, ಕಾಗದದ ಚೂರುಗಳಲ್ಲಿ ಹೊರಡುವ ಹಾಸ್ಯಪತ್ರಿಕೆ ಫಿಶ್‌ಪಾಂಡ್ ಎಂದೇ ನಾನು ಭಾವಿಸುತ್ತೇನೆ. ಅದರ ಭಾಷಾಶಕ್ತಿ ಅಸಾಮಾನ್ಯ. ಒಂದು ಸಾಲಿನಲ್ಲಿ ಒಬ್ಬ ಮನುಷ್ಯನ ಸ್ವಭಾವ ಹಿಡಿಯಬೇಕು, ಅದೂ ಕೇಳಿದವರೆಲ್ಲ ಒಪ್ಪುವಂತೆ. ಅನರ್ಥಕೋಶಕ್ಕೆ ಬೇಕಾದ ಕೌಶಲವೇ ಇದಕ್ಕೂ ಬೇಕು. ಆದರೆ ಅದರ ದೋಷವೂ ಅಷ್ಟೇ ಗಂಭೀರ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಸರಿಲ್ಲದ ಚೀಟಿಯಲ್ಲಿ ಮೈಬಣ್ಣ ಬರುತ್ತದೆ, ಎತ್ತರ ಬರುತ್ತದೆ, ಹಳ್ಳಿಯ ಮಾತಿನ ಧಾಟಿ ಬರುತ್ತದೆ, ಕೆಲವೊಮ್ಮೆ ಮರೆಯಲ್ಲಿ ಜಾತಿಯೂ ಬರುತ್ತದೆ. ಹುಡುಗಿಯರ ಹೆಸರಿನ ಚೀಟಿ ಓದುವಾಗ ಸಭೆ ಹೆಚ್ಚು ಗದ್ದಲ ಮಾಡುತ್ತದೆ. ನೊಂದವರು ಯಾರ ಮೇಲೆ ಮುನಿಯಬೇಕು? ಚೀಟಿಗೆ ವಿಳಾಸವಿಲ್ಲ, ಮರುದಿನಕ್ಕೆ ಡಬ್ಬಿಯೂ ಇಲ್ಲ. ಅನೇಕ ಕಡೆ ಈ ಪದ್ಧತಿ ನಿಂತದ್ದು ಇದೇ ಕಾರಣಕ್ಕೆ. ನಿಲ್ಲಿಸಿದವರ ಕಳಕಳಿ ನ್ಯಾಯವಾದದ್ದು. ಆದರೆ ಚೀಟಿಯ ಡಬ್ಬಿ ತೆಗೆದ ಜಾಗದಲ್ಲಿ ಹೆಸರು ಹಾಕಿ ಬರೆಯುವ ಪತ್ರಿಕೆಯನ್ನು ಇಡಬೇಕಿತ್ತು. ಅದನ್ನು ಯಾರೂ ಇಡಲಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಹಾಸ್ಯಕ್ಕೆ ಪ್ರೋತ್ಸಾಹವೇ ಇರಲಿಲ್ಲ ಎಂದು ಇದರರ್ಥವಲ್ಲ. ಕರ್ನಾಟಕ ಕಾಲೇಜಿನಲ್ಲಿ 1928ರಿಂದ 1948ರವರೆಗೆ ಸಂಸ್ಕೃತ ಕಲಿಸಿದ ಆದ್ಯ ರಂಗಾಚಾರ್ಯರು ಶ್ರೀರಂಗ ಎಂಬ ಹೆಸರಿನಲ್ಲಿ ಬರೆದ ನಾಟಕಗಳಲ್ಲಿ ವಿಡಂಬನೆಯ ಅಲಗು ಎಷ್ಟು ಹರಿತ! ಸನಾತನಿಗಳ ಸೋಗು, ಸುಧಾರಕರ ಸೋಗು ಎರಡನ್ನೂ ಅವರು ಬಿಡಲಿಲ್ಲ. ಹವ್ಯಾಸಿ ರಂಗಭೂಮಿ ಇಲ್ಲಿನ ವಿದ್ಯಾವಂತ ತರುಣರಿಗೆ ಅಣಕವನ್ನೂ ಅಭಿನಯವನ್ನೂ ಒಟ್ಟಿಗೆ ಕಲಿಸಿತು. ನಮ್ಮ ಭಾಗದ ಕಾಲೇಜು ಹಾಸ್ಯ ಕಾಗದಕ್ಕಿಂತ ರಂಗಕ್ಕೆ ಒಲಿದದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅದೇ ಕಾಲೇಜಿನಲ್ಲಿ 1950ರ ದಶಕದಲ್ಲಿ ಓದಿದ ಗಿರೀಶ ಕಾರ್ನಾಡರು ತರುಣರಾಗಿದ್ದಾಗ ಜಗತ್ತಿನ ಪ್ರಸಿದ್ಧರ ಮುಖಚಿತ್ರ ಬರೆದು, ಅವರಿಗೇ ಕಳಿಸಿ, ಸಹಿ ಪಡೆಯುತ್ತಿದ್ದರು. ಐರಿಶ್ ನಾಟಕಕಾರ ಶಾನ್ ಓ'ಕೇಸಿ ಸಹಿಯ ಬದಲು ಬುದ್ಧಿಮಾತು ಬರೆದು ಕಳಿಸಿದ್ದನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಮುಖದ ಗೆರೆಗಳನ್ನು ಹಿಡಿಯಬಲ್ಲ ಅಂಥ ಕೈಗೆ ಊರಿನಲ್ಲೊಂದು ವಿದ್ಯಾರ್ಥಿ ಪತ್ರಿಕೆ ಕೆಲಸ ಕೊಡಬಹುದಿತ್ತು.

ಪತ್ರಿಕಾರಂಗದಲ್ಲಿ ಹುಬ್ಬಳ್ಳಿ ಹಿಂದೆ ಬಿದ್ದ ಊರಲ್ಲ. ಸಂಯುಕ್ತ ಕರ್ನಾಟಕ, ಕರ್ಮವೀರ, ಪಾಟೀಲ ಪುಟ್ಟಪ್ಪನವರ ಪ್ರಪಂಚ ಇಲ್ಲಿಂದ ಪ್ರಕಟವಾದವು. 1956ರಲ್ಲಿ ಕಸ್ತೂರಿ ಮಾಸಪತ್ರಿಕೆ ಬಂತು. ಅದರ ಚುಕ್ಕಾಣಿ ಹಿಡಿದ ಪಾ.ವೆಂ. ಆಚಾರ್ಯರು ಉಡುಪಿಯ ಕಡೆಯವರು, ಹುಬ್ಬಳ್ಳಿಯನ್ನು ಕರ್ಮಭೂಮಿ ಮಾಡಿಕೊಂಡರು. ಪದಗಳ ಮೂಲ ಹುಡುಕುವ ಪಂಡಿತರೂ ಅವರೇ, ಲಾಂಗೂಲಾಚಾರ್ಯ ಎಂಬ ಹೆಸರಿನಲ್ಲಿ ಹಾಸ್ಯ ಬರೆದವರೂ ಅವರೇ. ಪುಟದ ಕೊನೆಯಲ್ಲಿ ನಗೆಹನಿ ಹಾಕುವ ಕ್ರಮ ಕಸ್ತೂರಿಯಲ್ಲೂ ಇತ್ತು, ಆದರೆ ಅಲ್ಲಿ ಅದು ಆರಿಸಿದ, ತಿದ್ದಿದ, ಗೌರವದಿಂದ ಅಚ್ಚಾದ ಹಾಸ್ಯ. ನಮ್ಮ ಮಿಸಲೇನಿಗಳ ಸಂಪಾದಕರು ಹೊರರೂಪ ತೆಗೆದುಕೊಂಡರು, ಆ ಆಯ್ಕೆಯ ಶ್ರಮ ತೆಗೆದುಕೊಳ್ಳಲಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿಯವರ ಪಾತ್ರ ತಿಂಮನಂತೂ ಪುಸ್ತಕದಿಂದ ಎದ್ದು ಹಾಸ್ಟೆಲ್ಲಿನ ಕೋಣೆಗೆ, ಅಲ್ಲಿಂದ ಗ್ಯಾದರಿಂಗಿನ ಮೈಕಿಗೆ ಬಂದ. ಇವತ್ತು ಗಂಗಾವತಿ ಪ್ರಾಣೇಶರಂಥವರು ಊರೂರಲ್ಲಿ ನಡೆಸುವ ಹಾಸ್ಯಸಂಜೆಗಳಿಗೆ ನೆಲ ಹದವಾದದ್ದು ಹೀಗೆ.

ಕೊರವಂಜಿ ನಿಂತದ್ದು 1967ರಲ್ಲಿ. ದೆಹಲಿಯ ಶಂಕರ್ಸ್ ವೀಕ್ಲಿ 1948ರಲ್ಲಿ ಶುರುವಾಗಿ ತುರ್ತುಪರಿಸ್ಥಿತಿಯ ವರ್ಷವಾದ 1975ರಲ್ಲಿ ಮುಚ್ಚಿತು. ಲಂಡನ್ನಿನ ಪಂಚ್ ಕೂಡ ಒಂದೂವರೆ ಶತಮಾನ ಬಾಳಿ 1992ರಲ್ಲಿ ನಿಂತಿತು. ನಗೆಗೆಂದೇ ಮೀಸಲಾದ ಪತ್ರಿಕೆ ಎಲ್ಲೆಡೆಯೂ ಕಷ್ಟದಲ್ಲೇ ಬದುಕುತ್ತದೆ. ಕನ್ನಡದ ಅದೃಷ್ಟವೆಂದರೆ, 1980ರ ದಶಕದಲ್ಲಿ ಶಿವರಾಂ ಅವರ ಮಗ ಎಂ. ಶಿವಕುಮಾರ್ ಅಪರಂಜಿ ಎಂಬ ಹೆಸರಿನಲ್ಲಿ ಆ ಪರಂಪರೆಯನ್ನು ಮತ್ತೆ ಎತ್ತಿಕೊಂಡರು. ಕೊರವಂಜಿಯ ಹಳೆಯ ಸಂಚಿಕೆಗಳು ಡಿಜಿಟಲ್ ರೂಪದಲ್ಲಿ ಉಳಿದವು. ಅದರಿಂದಲ್ಲವೆ ನಾವಿವತ್ತು ಲಕ್ಷ್ಮಣರ ಎಳೆಗಾಲದ ಗೆರೆಯನ್ನೂ ಸುನಂದಮ್ಮನವರ ಮೊದಲ ಬರಹಗಳನ್ನೂ ನೋಡಿ ಮಾತಾಡಬಲ್ಲೆವು!

ಮೊಬೈಲಿನ ಕಾಲದಲ್ಲಿ ಪತ್ರಿಕೆ ಏಕೆ ಎಂದು ಕೇಳುವವರಿದ್ದಾರೆ. ಇವತ್ತಿನ ವಿದ್ಯಾರ್ಥಿಗಳು ಮೀಮ್ ಮಾಡುತ್ತಾರೆ, ರೀಲ್ ಮಾಡುತ್ತಾರೆ, ಅದರಲ್ಲಿ ಹುಬ್ಬಳ್ಳಿಯ ಮಾತಿನ ರುಚಿ ಚೆನ್ನಾಗಿಯೇ ಇದೆ. ಬ್ಲಾಕಿನ ಖರ್ಚು ಹೋಗಿದೆ, ಅಪ್ಪಣೆಯ ತೊಡಕು ಹೋಗಿದೆ. ಆದರೆ ಫಿಶ್‌ಪಾಂಡಿನ ಎರಡೂ ದೋಷ ಅಲ್ಲಿ ಹಾಗೇ ಉಳಿದಿವೆ. ಮಾಡಿದವರ ಹೆಸರಿಲ್ಲ, ಮರುದಿನಕ್ಕೆ ಉಳಿಕೆಯಿಲ್ಲ.

ಆದ್ದರಿಂದ ಕಾಲೇಜುಗಳ ಎದುರು ಕೆಲವು ನಿರ್ದಿಷ್ಟ ಬೇಡಿಕೆಗಳನ್ನು ಇಡುತ್ತೇನೆ. ನಿಮ್ಮ ಗ್ರಂಥಾಲಯದ ಕಪಾಟಿನಲ್ಲಿ ಮಿಸಲೇನಿಗಳ ಹಳೆಯ ಸಂಚಿಕೆಗಳಿವೆ. ಕಾಗದ ಹಳದಿಯಾಗಿ, ಮಡಿಸಿದಲ್ಲಿ ಮುರಿಯುತ್ತಿದೆ. ಅವನ್ನು ಈಗಲೇ ಸ್ಕ್ಯಾನ್ ಮಾಡಿಸಿ, ಪುಟದ ಕೊನೆಯ ನಗೆಹನಿಗಳನ್ನೂ ಬಿಡದೆ ಲೇಖಕರ ಸೂಚಿ ತಯಾರಿಸಿ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಕೈಬರಹದ ಪತ್ರಿಕೆ ಉಳಿದಿದ್ದರೆ ಕೇಳಿ ತಂದು, ಚಿತ್ರ ತೆಗೆದು, ಮೂಲವನ್ನು ಅವರಿಗೇ ಮರಳಿಸಿ. ಗಾಜಿನ ಬಾಗಿಲಿನ ಭಿತ್ತಿಪತ್ರಿಕೆಯ ಪೆಟ್ಟಿಗೆ ಅನೇಕ ಕಾಲೇಜುಗಳಲ್ಲಿ ಇನ್ನೂ ಗೋಡೆಯ ಮೇಲಿದೆ, ಅದರ ಕೀಲಿ ವಿಭಾಗದ ಮುಖ್ಯಸ್ಥರ ಮೇಜಿನಲ್ಲಿರುತ್ತದೆ. ತಿಂಗಳಿಗೊಂದು ವಾರ ಅದನ್ನು ಹಾಸ್ಯಕ್ಕೆ ಬಿಟ್ಟುಕೊಡಿ. ಸಂಪಾದಕರಾಗಿ ಇಬ್ಬರು ವಿದ್ಯಾರ್ಥಿಗಳಿರಲಿ, ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಪ್ರತಿ ಬರಹದ ಕೆಳಗೆ ಬರೆದವರ ಹೆಸರಿರಲಿ, ನೊಂದವರ ಉತ್ತರಕ್ಕೆ ಅದೇ ಹಾಳೆಯಲ್ಲಿ ಜಾಗವಿರಲಿ, ವಾರ ಮುಗಿದ ಮೇಲೆ ಆ ಹಾಳೆಯನ್ನು ಹರಿದು ಎಸೆಯದೆ ಗ್ರಂಥಾಲಯದಲ್ಲಿ ಕಟ್ಟಿಡಿ. ಕೀಲಿಯನ್ನು ಆ ಇಬ್ಬರು ಸಂಪಾದಕರ ಕೈಗೆ ಕೊಡಿ.